ಕಾಡಾಡು ಕಂಡರೆ ಊರಿಗೆ

ಗುರುವಾರ, ಬತ್ಹಾ

ನಮ್ಮ ಪಂಚಾಯತಿ ಗ್ರಂಥಾಲಯದಲ್ಲಿ ಪ್ರವಾಸ ಕಥನಗಳಿಗೆಂದೇ ಒಂದು ಕಪಾಟು ಇದೆ. ಹದಿನೇಳು ವರ್ಷದಿಂದ ಅದರ ಧೂಳು ಒರೆಸುತ್ತಿರುವವಳು ನಾನು. ಒರೆಸುವ ನೆಪದಲ್ಲಿ ಎಲ್ಲವನ್ನೂ ಓದಿದ್ದೇನೆ. ಬರೆದವರೆಲ್ಲ ವಿಮಾನದ ಕಿಟಕಿಯಿಂದ ಮೋಡ ನೋಡುತ್ತಾರೆ, ಹಳೆಯ ಸೇತುವೆಯ ಮೇಲೆ ನಿಂತು ಇತಿಹಾಸ ನೆನೆಯುತ್ತಾರೆ. ಟೆಂಟಿನ ಕೋಲು ಯಾವ ತೂತಿಗೆ ಹೋಗಬೇಕೆಂದು ಗಂಡನೊಡನೆ ಜಗಳವಾಡಿದವರು ಮಾತ್ರ ಒಬ್ಬರೂ ಸಿಗಲಿಲ್ಲ. ಆ ಕೊರತೆಯನ್ನು ತುಂಬುವ ಭಾಗ್ಯ ನನ್ನ ಪಾಲಿಗೆ ಬಂತು.

ನಾನು ನಸೀಮಾ, ಊರು ಕಾಪುವಿನ ಹತ್ತಿರ. ನನ್ನ ಗಂಡ ಇಬ್ರಾಹಿಂ ಇಪ್ಪತ್ತಾರು ವರ್ಷದಿಂದ ರಿಯಾದ್‌ನಲ್ಲಿ ನಲ್ಲಿ-ಪೈಪುಗಳ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆಗೆ ಊರಿಗೆ ಬರುತ್ತಾರೆ. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷವಾಯಿತು ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ರಜೆಗಳನ್ನಷ್ಟೇ ಕೂಡಿಸಿದರೆ ನಾವು ಒಟ್ಟಿಗೆ ಸಂಸಾರ ಮಾಡಿದ್ದು ಎರಡೇ ವರ್ಷ. ಹೊಸ ಮದುಮಕ್ಕಳು ಎನ್ನಬಹುದು, ಕೂದಲು ಮಾತ್ರ ಹಣ್ಣಾಗಿದೆ.

ಈ ಚಳಿಗಾಲದಲ್ಲಿ ಮಂಗಳೂರಿನಲ್ಲಿ ಓದುತ್ತಿರುವ ಮಗಳು ಹಟ ಹಿಡಿದು ನನಗೆ ವಿಸಿಟ್ ವೀಸಾ ಮಾಡಿಸಿದಳು. "ಉಪ್ಪ ಅಷ್ಟು ವರ್ಷ ಇದ್ದ ಊರು ಒಮ್ಮೆಯಾದ್ರೂ ನೋಡಿ ಬಾ ಉಮ್ಮ" ಎಂದಳು. ಹೀಗೆ ಒಂದು ತಿಂಗಳ ಮಟ್ಟಿಗೆ ನಾನು ರಿಯಾದ್‌ಗೆ ಬಂದೆ. ರಜೆಯಲ್ಲಿ ಊರಿಗೆ ಹೋಗಿದ್ದ ಗೆಳೆಯರೊಬ್ಬರ ಮನೆಯ ಬೀಗದ ಕೈ ನಮಗೆ ಸಿಕ್ಕಿತ್ತು. ಆದರೆ ಇವರ ನಿಜವಾದ ಮನೆ ರಿಯಾದ್‌ನ ಹಳೇ ಪೇಟೆ ಬತ್ಹಾದ ಕಟ್ಟಡವೊಂದರ ಮೂರನೇ ಮಾಳಿಗೆಯ ಬ್ಯಾಚುಲರ್ ರೂಮು. ಐದು ಜನ, ಐದು ಮಂಚ, ಒಂದು ಒಲೆ. ಒಂದು ಮಧ್ಯಾಹ್ನ ಎಲ್ಲರೂ ಕೆಲಸಕ್ಕೆ ಹೋಗಿದ್ದಾಗ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿದರು. ಸಕ್ಕರೆ ಡಬ್ಬದ ಮೇಲೆ ಕಪ್ಪು ಮಾರ್ಕರಿನಲ್ಲಿ 'ಇಬ್ರಾಹಿಂ'. ಲೋಟದ ಮೇಲೆ, ಚಮಚದ ಹಿಡಿಕೆಯ ಮೇಲೆ, ಉಪ್ಪಿನ ಡಬ್ಬದ ಮೇಲೆ, ಕೊನೆಗೆ ಶೂವಿನ ಒಳಗೂ 'ಇಬ್ರಾಹಿಂ'. ನನಗೆ ಮೊದಲು ನಗು ಬಂತು, ಆಮೇಲೆ ಆ ಲೋಟವನ್ನು ತೊಳೆದು ಹೆಸರು ಕಾಣುವಂತೆ ತಿರುಗಿಸಿಟ್ಟೆ.

ಕಾಡಾಡಿನ ಆಸೆ ನನ್ನದು. ಗ್ರಂಥಾಲಯದ ಪ್ರಾಣಿಗಳ ಪುಸ್ತಕವೊಂದರಲ್ಲಿ ಅದರ ಚಿತ್ರ ನೋಡಿದ್ದೆ. ಅರೇಬಿಯಾದ ಬೋಳು ಬೆಟ್ಟದ ತುದಿಯಲ್ಲಿ, ಹಿಂದಕ್ಕೆ ಬಾಗಿದ ಗಂಟುಗಂಟಾದ ಕೋಡು ಹೊತ್ತು, ಇಳಿಬಿಟ್ಟ ಗಡ್ಡದ ಮುಖವನ್ನು ಗಾಳಿಗೆ ಹಿಡಿದು ನಿಂತಿತ್ತು. ಅಂಥ ಪ್ರಾಣಿ ರಿಯಾದ್‌ನ ದಕ್ಷಿಣಕ್ಕೆ, ತುವೈಖ್ ಬೆಟ್ಟಸಾಲಿನ ರಕ್ಷಿತ ಪ್ರದೇಶದಲ್ಲಿ ಈಗಲೂ ಇದೆಯೆಂದೂ, ಅನುಮತಿ ಪಡೆದು ಅಲ್ಲಿ ಟೆಂಟು ಹಾಕಬಹುದೆಂದೂ ಮಗಳು ಫೋನಿನಲ್ಲಿ ಹುಡುಕಿ ತಿಳಿಸಿದಳು. ನಾನು ಇವರಿಗೆ ಚಿತ್ರ ತೋರಿಸಿದೆ. ಕನ್ನಡಕ ಹಾಕದೆ ನೋಡಿದರು.

"ಹಾಂ, ಆಡು" ಎಂದರು. "ಇಪ್ಪತ್ತಾರು ವರ್ಷದಲ್ಲಿ ನಾನಿಲ್ಲಿ ನೋಡಿದ್ದು ಒಂಟೆ ಮತ್ತೆ ಬೆಕ್ಕು ಮಾತ್ರ. ಹೋಗುವಾ."

ಟೆಂಟು ಮತ್ತು ಪಿಕಪ್ ಗಾಡಿ ಕೊಟ್ಟವರು ಬತ್ಹಾದಲ್ಲಿ ಅಂಗಡಿ ಇಟ್ಟಿರುವ ಭಟ್ಕಳದ ಜಾಫರ್ ಭಾಯಿ. ಕೀಲಿಯ ಜೊತೆ ಒಂದು ಡಬ್ಬ ಖರ್ಜೂರವನ್ನೂ ಕೊಟ್ಟು ಕೇಳಿದರು: "ಆಡು ನೋಡ್ಲಿಕ್ಕೆ ಅಷ್ಟು ದೂರ ಎಂತಕ್ಕೆ ಭಾಭಿ? ನಮ್ಮ ಅಂಗಡಿ ಎದುರಿನ ಮಾಂಸದಂಗಡಿಗೆ ಬನ್ನಿ. ಸಾಲಾಗಿ ನೇತಾಡ್ತಾ ಉಂಟು."

ಕೊನೆಯ ಪೆಟ್ರೋಲ್ ಬಂಕ್

ಈ ಪ್ರವಾಸದಲ್ಲಿ ನಮ್ಮ ಜೊತೆ ಮೂರನೆಯದೊಂದು ಕುಳಿತಿತ್ತು. ಅದರ ಹೆಸರು ಬುರೈದಾ.

ಕಂಪನಿಯವರು ರಿಯಾದ್‌ನಿಂದ ದೂರದ ಬುರೈದಾ ನಗರದಲ್ಲಿ ಹೊಸ ಗೋದಾಮು ತೆರೆಯುತ್ತಿದ್ದರು. ಇವರನ್ನು ಅಲ್ಲಿಗೆ ಇನ್ನೆರಡು ವರ್ಷ ಇನ್‌ಚಾರ್ಜ್ ಆಗಿ ಕಳಿಸುತ್ತೇವೆ ಎಂದಿದ್ದರು. ಬೇಡವೆಂದರೆ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ನವೀಕರಿಸುವುದಿಲ್ಲ, ಕಾಗದಪತ್ರ ಮುಗಿಸಿ ಊರಿಗೆ ಹೋಗಬಹುದು. ಭಾನುವಾರ ಬೆಳಿಗ್ಗೆ ಆಫೀಸಿಗೆ ಉತ್ತರ ಹೇಳಬೇಕು. ಎರಡು ವಾರದಿಂದ ಇದು ನಮ್ಮಿಬ್ಬರಿಗೂ ಗೊತ್ತಿತ್ತು, ಇಬ್ಬರೂ ಈರುಳ್ಳಿ, ಚಳಿ, ಮಗಳ ಪರೀಕ್ಷೆ ಎಂದು ಬೇರೆಲ್ಲ ಮಾತಾಡುತ್ತಿದ್ದೆವು. ಇವರು ಊರಿಗೆ ಬರಬೇಕೆಂಬುದು ನನ್ನ ಆಸೆ. ಆದರೆ ನಾನಾಗಿ ಕೇಳಲಿಲ್ಲ. ಕೇಳದೆಯೇ ಅವರಿಗೆ ತಿಳಿಯಬೇಕೆಂಬ ಬಿಗುಮಾನ ನನಗೆ.

ರಿಯಾದ್ ದಾಟಿ ಬಹಳ ಹೊತ್ತಾದ ಮೇಲೆ ಒಂದು ಪೆಟ್ರೋಲ್ ಬಂಕ್ ಬಂತು. ಅದರಾಚೆ ನೆಲವೆಲ್ಲ ಬಿಸ್ಕತ್ತಿನ ಬಣ್ಣ, ದೂರದಲ್ಲಿ ಕತ್ತರಿಸಿಟ್ಟಂತೆ ಬೆಟ್ಟದ ಗೋಡೆ. ಇವರು ಕಾಗದದ ಲೋಟದಲ್ಲಿ ಚಹಾ ತಂದು, ಗಾಡಿಯ ಬಾನೆಟ್ಟಿಗೆ ಒರಗಿ ನಿಂತು, ಬೆಟ್ಟದ ಕಡೆ ನೋಡುತ್ತ ಹೇಳಿದರು:

"ನಸೀಮಾ, ಒಂದು ಕೆಲಸ ಮಾಡುವಾ. ಆ ನಿನ್ನ ಕಾಡಾಡು ಕಂಡ್ರೆ ಊರಿಗೆ. ಕಾಣದಿದ್ರೆ ಬುರೈದಾ. ಆಯ್ತಾ?"

ನಾನು ಲೋಟ ಕೆಳಗಿಟ್ಟೆ. "ಯಾರು ನೋಡ್ಬೇಕು? ನೀವಾ, ನಾನಾ?"

"ಯಾರು ನೋಡಿದ್ರೂ ಸರಿ. ಒಟ್ಟು ಕಂಡ್ರೆ ಆಯ್ತು."

"ಆಯ್ತು" ಎಂದೆ. ಮುಖ ನಗುತ್ತಿತ್ತು, ಒಳಗೆ ಕುದಿಯುತ್ತಿತ್ತು. ಇಪ್ಪತ್ತನಾಲ್ಕು ವರ್ಷ ಕಾದ ಹೆಂಗಸಿನ ಬದುಕನ್ನು ಒಂದು ಆಡಿನ ಕುತ್ತಿಗೆಗೆ ಕಟ್ಟಿಬಿಟ್ಟರಲ್ಲ ಈ ಮನುಷ್ಯ! ಗಾಡಿ ಹತ್ತಿ ಬಾಗಿಲನ್ನು ಬೇಕಿದ್ದಕ್ಕಿಂತ ಜೋರಾಗಿ ಹಾಕಿಕೊಂಡೆ. "ಜಾಫರ್ ಭಾಯಿಯ ಗಾಡಿ ಮಾರಾಯ್ತಿ" ಎಂದರು.

ಕಣಿವೆಯ ಬಾಯಿ

ಬೆಟ್ಟದ ಸೀಳಿನೊಳಗೆ ಸ್ವಲ್ಪ ದೂರ ಹೋದರೆ ಜಾಲಿಮರಗಳಿರುವ ಒಂದು ಸಮತಟ್ಟು ಜಾಗ. ಟೆಂಟು ಹಾಕಲು ಗುರುತು ಮಾಡಿದ್ದು ಅಲ್ಲೇ. ಮಳೆ ಬಂದಾಗ ಮಾತ್ರ ಹರಿಯುವ ಹೊಳೆಯ ಪಾತ್ರ ಕಲ್ಲು ತುಂಬಿಕೊಂಡು ಬಿದ್ದಿತ್ತು. ನಮ್ಮಿಂದ ಒಂದು ಕೂಗಿನ ದೂರದಲ್ಲಿ ಒಂದು ಸೌದಿ ಕುಟುಂಬ ಆಗಲೇ ಇಳಿದುಕೊಂಡಿತ್ತು. ಅವರು ಕ್ಯಾಂಪಿಗೆ ಬರುವುದೆಂದರೆ ಮನೆಯ ಜಗಲಿಯನ್ನೇ ಎತ್ತಿಕೊಂಡು ಬರುವುದು. ನೆಲಕ್ಕೆ ಕೆಂಪು ಜಮಖಾನ, ಸುತ್ತ ಒರಗುದಿಂಬು, ನಡುವೆ ಹಿತ್ತಾಳೆಯ ಕಾಫಿ ಪಾತ್ರೆ, ಒಂದು ಮೂಲೆಯಲ್ಲಿ ಅಜ್ಜಿ. ಯಾರೂ ಓಡಾಡುತ್ತಿರಲಿಲ್ಲ, ಯಾರೂ ಫೋಟೋ ತೆಗೆಯುತ್ತಿರಲಿಲ್ಲ. ನಾವು ಊರಿನಿಂದ ಮಲ್ಪೆ ಬೀಚಿಗೆ ಹೋದರೂ ಬಸ್ಸಿನ ಹೊತ್ತು ನೋಡುತ್ತ ಅರ್ಧ ಜೀವದಲ್ಲಿ ಇರುತ್ತೇವೆ. ಆ ಕುಟುಂಬದವರು ಬಂದು ಕುಳಿತರು, ಅಷ್ಟೆ.

ಟೆಂಟಿನ ಜಗಳದ ವಿವರ ಬೇಡ. ಕೋಲು ನಾನು ಹೇಳಿದ ತೂತಿಗೇ ಹೋಯಿತೆಂದು ದಾಖಲಾದರೆ ಸಾಕು.

ಆಮೇಲೆ ಸಾಮಾನು ಬಿಚ್ಚಿದೆವು. ನಾನು ಗೆಳೆಯರ ಮನೆಯಲ್ಲಿ ನನ್ನ ಚೀಲ ಕಟ್ಟಿದ್ದೆ. ಇವರು ಬತ್ಹಾದ ರೂಮಿಗೆ ಹೋಗಿ ತಮ್ಮ ಪೆಟ್ಟಿಗೆ ಕಟ್ಟಿಕೊಂಡು ಬಂದಿದ್ದರು. ಯಾರು ಏನು ತರಬೇಕೆಂದು ಇಬ್ಬರೂ ಕೇಳಿರಲಿಲ್ಲ. ಚಾಪೆಯ ಮೇಲೆ ಒಂದೊಂದೇ ವಸ್ತು ಹೊರಬಂತು. ಎರಡು ಕೆಟ್ಲು. ಎರಡು ಉಪ್ಪಿನ ಡಬ್ಬ. ಎರಡು ಪೊಟ್ಟಣ ಚಹಾಪುಡಿ, ಎರಡು ಚೂರಿ, ಎರಡು ಅನ್ನದ ಪಾತ್ರೆ, ಎರಡು ಬಾಟಲಿ ಮಾವಿನ ಮಿಡಿ ಉಪ್ಪಿನಕಾಯಿ, ಅದೂ ನಾನೇ ಊರಿನಲ್ಲಿ ಹಾಕಿದ್ದ ಒಂದೇ ಭರಣಿಯದು. ಇಬ್ಬರು ಒಂಟಿ ಮನುಷ್ಯರು ಬೇರೆ ಬೇರೆ ಊರಿನಿಂದ ಹೊರಟು ದಾರಿಯಲ್ಲಿ ಭೇಟಿಯಾದಂತಿತ್ತು.

"ಒಳ್ಳೆದಾಯ್ತು, ಒಂದು ಹಾಳಾದ್ರೆ ಇನ್ನೊಂದು ಉಂಟು" ಎಂದರು ಸ್ಟೋರ್‌ಕೀಪರ್.

"ಬೆಂಕಿಪೆಟ್ಟಿಗೆ ಕೊಡಿ, ಸ್ಟವ್ ಹಚ್ಚುವಾ."

"ಬೆಂಕಿಪೆಟ್ಟಿಗೆ ನಿನ್ನ ಹತ್ರ ಅಲ್ವಾ?"

ನನ್ನ ಹತ್ತಿರ ಇರಲಿಲ್ಲ. ಊರಿನಲ್ಲಿ ನಾನು ಗ್ಯಾಸಿಗೆ ಹಿಡಿಯುವುದು ಲೈಟರ್. ಬತ್ಹಾದ ರೂಮಿನಲ್ಲಿರುವುದು ಗುಂಡಿ ತಿರುಗಿಸಿದರೆ ಹೊತ್ತಿಕೊಳ್ಳುವ ಒಲೆ. ಎಲ್ಲವೂ ಎರಡೆರಡು ಇದ್ದ ಆ ಸಂಸಾರದಲ್ಲಿ ಬೆಂಕಿ ಒಂದೂ ಇರಲಿಲ್ಲ. ಒಂದು ಕ್ಷಣ ಪರಸ್ಪರ ಮುಖ ನೋಡಿಕೊಂಡೆವು. ಆಮೇಲೆ ನನಗೆ ಬಂದ ನಗು ತಡೆಯಲಾಗದೆ ಉಪ್ಪಿನ ಡಬ್ಬ ಕೈಯಿಂದ ಬಿತ್ತು. ಎರಡರಲ್ಲಿ ಒಂದು, ಪರವಾಗಿಲ್ಲ.

ನಮ್ಮನ್ನು ಕಾಪಾಡಿದವರು ಅಬು ನಾಸಿರ್. ಆ ಪ್ರದೇಶದ ಕಾವಲುಗಾರರು, ಅರವತ್ತರ ಹತ್ತಿರದ ವಯಸ್ಸು, ಬಿಸಿಲಿಗೆ ಸುಟ್ಟ ಮುಖ. ಸಂಜೆಯ ಗಸ್ತಿಗೆ ಬಂದವರು ನಮ್ಮ ಸ್ಥಿತಿ ನೋಡಿ ಲೈಟರ್ ಕೊಟ್ಟರು, ವಾಪಸು ಬೇಡವೆಂದರು. ಜಾಲಿಯ ಒಂದು ಕಡ್ಡಿಯನ್ನೂ ಮುರಿಯಬಾರದೆಂದು ಎಚ್ಚರಿಸಿದರು. ಆಮೇಲೆ ತಮ್ಮ ಫ್ಲಾಸ್ಕಿನಿಂದ ಏಲಕ್ಕಿಯ ಕಾಫಿ ಸುರಿದು ಕೊಡುತ್ತ ಕುಳಿತರು. ಇವರ ಅರಬ್ಬಿ ಗೋದಾಮಿನ ಅರಬ್ಬಿ. ಮುಕ್ಕಾಲು ಇಂಚಿನ ಪೈಪಿನ ಬಗ್ಗೆ ಇವರು ಒಂದು ಗಂಟೆ ಮಾತಾಡಬಲ್ಲರು, ಪ್ರಾಣಿಗಳ ಬಗ್ಗೆ ಮಾತಾಡಲು ಕೈಬೆರಳುಗಳನ್ನು ತಲೆಯ ಮೇಲಿಟ್ಟು ಕೋಡು ಮಾಡಬೇಕಾಯಿತು.

"ವಅಲ್!" ಎಂದರು ಅಬು ನಾಸಿರ್ ನಗುತ್ತ. ಕಾಡಾಡಿಗೆ ಅವರ ಭಾಷೆಯಲ್ಲಿ ಅದೇ ಹೆಸರು. ಮುಂದೆ ಅವರು ಹೇಳಿದ್ದನ್ನು ಇವರು ನನಗೆ ಹೇಳಿದರು: "ಹುಡುಕಿಕೊಂಡು ಹೋಗುವವರಿಗೆ ಕಾಣುದಿಲ್ಲವಂತೆ. ಚಹಾ ಮಾಡಿಕೊಂಡು ಕೂತವರಿಗೆ ಕಾಣ್ತದಂತೆ."

ಅವರು ಹೋದ ಮೇಲೆ ಇವರು ಸ್ಟವ್ ಹಚ್ಚಿ ಚಹಾ ಮಾಡಿದರು. ಹಾಲಿನ ಪುಡಿ, ಸಕ್ಕರೆ ಎಲ್ಲ ಅಳತೆಯಂತೆ ಹಾಕಿ, ಕುದಿಸಿ, ತಮ್ಮ ಹೆಸರಿನ ಲೋಟಕ್ಕೆ ಬಗ್ಗಿಸಿ, ನಿಂತುಕೊಂಡೇ ಒಂದು ಗುಟುಕು ಕುಡಿದರು. ಆಮೇಲೆ ನನ್ನನ್ನು ನೋಡಿದರು. ಕೆಟ್ಲಿನಲ್ಲಿ ಹನಿ ಉಳಿದಿರಲಿಲ್ಲ.

"ಅಭ್ಯಾಸ" ಎಂದರು, ಮುಖ ಸಣ್ಣದು ಮಾಡಿಕೊಂಡು.

ಮಲಗುವಾಗಲೂ ಹಾಗೆಯೇ. ಇಷ್ಟಗಲ ಟೆಂಟಿನಲ್ಲಿ ಒಂದು ಅಂಚಿಗೆ ಅಂಟಿಕೊಂಡು, ಕಂಬಳಿಯನ್ನು ಮೈಗೆ ಸುತ್ತಿ, ಅಂಚೆಗೆ ಹಾಕುವ ಪಾರ್ಸೆಲಿನಂತೆ ಮಲಗಿದರು. ಬತ್ಹಾದ ಮಂಚ ಅಷ್ಟೇ ಅಗಲ.

ಶುಕ್ರವಾರ ಬೆಳಿಗ್ಗೆ

ಟೆಂಟು ಬಟ್ಟೆಯದಾದರೂ ಅದಕ್ಕೊಂದು ಬಾಗಿಲು ಇತ್ತು. ಬಾಗಿಲು ಎಂದ ಮೇಲೆ ಚಪ್ಪಲಿ ಹೊರಗೆ. ನಮ್ಮ ಕಡೆಯವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಇಬ್ಬರೂ ಹೊಸ್ತಿಲೆಂದು ತಿಳಿದ ಜಾಗದ ಆಚೆ ಸಾಲಾಗಿ ಬಿಟ್ಟು ಮಲಗಿದ್ದೆವು. ಬೆಳಿಗ್ಗೆ ನಮಾಜಿಗೆಂದು ಎದ್ದು ಹೊರಗೆ ಬಂದರೆ ನನ್ನ ಎರಡು ರಬ್ಬರ್ ಚಪ್ಪಲಿಗಳೂ ಇದ್ದವು, ಇವರ ಬಲಗಾಲಿನ ಶೂ ಇತ್ತು. ಎಡಗಾಲಿನದು ಇರಲಿಲ್ಲ. ಮರಳಿನ ಮೇಲೆ ಸಣ್ಣ ನಾಯಿಯದರಂಥ ಹೆಜ್ಜೆಗಳು ಬಂದು, ನಿಂತು, ಯೋಚಿಸಿ, ಹೊರಟುಹೋಗಿದ್ದವು.

"ನರಿ" ಎಂದೆ. "ಪುಸ್ತಕದಲ್ಲಿ ಓದಿದ್ದೆ. ಶೂ ಕದಿಯುವುದು ಅದಕ್ಕೆ ಅಭ್ಯಾಸ."

"ಒಳಗೆ ಹೆಸರು ಬರೆದಿತ್ತಲ್ಲ!" ಎಂದರು ಇವರು, ನಿಜವಾದ ಸಂಕಟದಿಂದ.

ನರಿಗೆ ಕನ್ನಡ ಬರುವುದಿಲ್ಲವೆಂದು ಸಮಾಧಾನ ಮಾಡಿದೆ. ಸಮಾಧಾನವಾಗಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಗೋದಾಮಿನಿಂದ ಒಂದು ವಾಷರ್ ಕಾಣೆಯಾಗಲು ಬಿಡದ ಮನುಷ್ಯ. ನಮಾಜು ಮುಗಿದು ಬೆಳಕು ಹರಿದದ್ದೇ ಬಲಗಾಲಿಗೆ ಶೂ, ಎಡಗಾಲಿಗೆ ನನ್ನ ನೀಲಿ ರಬ್ಬರ್ ಚಪ್ಪಲಿ ಹಾಕಿಕೊಂಡು, ತಲೆಗೆ ಶಾಲು ಸುತ್ತಿ, ಹೆಜ್ಜೆಗಳ ಹಿಂದೆ ಹೊಳೆಯ ಪಾತ್ರದಲ್ಲಿ ಕೆಳಗಿಳಿದು ಹೋದರು. ಟಪ್ ಎಂದೊಂದು ಸದ್ದು, ಚಟ್ ಎಂದೊಂದು ಸದ್ದು, ಬಹಳ ದೂರದವರೆಗೆ ಕೇಳಿಸಿತು.

ನಾನು ಚಹಾಕ್ಕೆ ನೀರಿಟ್ಟೆ. ಚಳಿ ಎಂದರೆ ಬೆರಳುಗಳು ನನ್ನವಲ್ಲ ಎನ್ನುವಂಥ ಚಳಿ. ಬಿಸಿಲು ಎದುರಿನ ಬೆಟ್ಟದ ತುದಿಯನ್ನು ಮುಟ್ಟಿ ನಿಧಾನವಾಗಿ ಇಳಿಯುತ್ತಿತ್ತು. ತಲೆಗೆ ಬಿಳಿ ಟೋಪಿ ಹಾಕಿದಂಥ ಕರಿ ಹಕ್ಕಿಯೊಂದು ಗಾಡಿಯ ಕನ್ನಡಿಯ ಮೇಲೆ ಕೂತು ತನ್ನ ಪ್ರತಿಬಿಂಬದೊಡನೆ ಜಗಳವಾಡುತ್ತಿತ್ತು. ನೀರು ಕುದಿಯಿತು. ಚಹಾಪುಡಿ ಹಾಕಲು ತಲೆ ತಗ್ಗಿಸಿ, ಮತ್ತೆ ಎತ್ತಿದಾಗ ಅದು ಅಲ್ಲಿತ್ತು.

ಬಿಸಿಲು ಆಗಷ್ಟೇ ಮುಟ್ಟಿದ ಒಂದು ಚಾಚುಬಂಡೆಯ ಮೇಲೆ. ಬಂಡೆಯ ಬಣ್ಣವೇ ಅದಕ್ಕೂ. ಕೋಡುಗಳು ಹಿಂದಕ್ಕೆ ಬಾಗಿ ಬೆನ್ನಿನವರೆಗೆ ಬಂದಿದ್ದವು, ಗಂಟುಗಳನ್ನು ಲೆಕ್ಕ ಮಾಡಬಹುದಿತ್ತು. ಕಪ್ಪು ಗಡ್ಡ. ಚೂಪಾಗಿ ನೆಟ್ಟಗಿದ್ದ ಸಣ್ಣ ಕಿವಿ. ಕಾಲಿಗೆ ಕಪ್ಪು-ಬಿಳಿಯ ಪಟ್ಟಿ, ಶಾಲೆಯ ಮಕ್ಕಳ ಕಾಲುಚೀಲದಂತೆ. ಅದು ನನ್ನನ್ನು ನೋಡುತ್ತಿತ್ತು. ಎಷ್ಟೋ ಹೊತ್ತಿನಿಂದ ನೋಡುತ್ತಿದ್ದಿರಬೇಕು. ನನಗೆ ಕಣ್ಣು ತುಂಬಿ ಬಂತು, ಏಕೆಂದು ಕೇಳಬೇಡಿ.

"ಇಕೊಳ್ಳಿ ಬನ್ನಿ!" ಎಂದು ಕೂಗಲು ಬಾಯಿ ತೆರೆದೆ. ಇವರು ಹೆಚ್ಚು ದೂರ ಹೋಗಿರಲಿಲ್ಲ, ಚಟ್ ಚಟ್ ಸದ್ದು ಇನ್ನೂ ಕೇಳುತ್ತಿತ್ತು. ಒಂದು ಕೂಗು ಸಾಕಿತ್ತು. ಪಂದ್ಯ ನನ್ನದಾಗುತ್ತಿತ್ತು, ಬುರೈದಾ ಮುಗಿಯುತ್ತಿತ್ತು.

ಕೂಗಲಿಲ್ಲ.

ಯಾಕೆಂದು ಆ ಕ್ಷಣದಲ್ಲಿ ಸರಿಯಾಗಿ ತಿಳಿದಿರಲಿಲ್ಲ. ಈಗ ಬರೆಯುವಾಗ ತಿಳಿಯುತ್ತದೆ. ಈ ಮನುಷ್ಯ ಊರಿಗೆ ಬಂದರೆ, ಬರಬೇಕೆಂದು ತನಗೇ ಅನಿಸಿ ಬರಬೇಕು. ಆಡು ಕಂಡಿತೆಂದು ಬಂದರೆ, ನಾಳೆ ಮಳೆಗಾಲದಲ್ಲಿ ಮಾಡು ಸೋರಿದರೂ ಆಡು, ಬೇಜಾರಾದರೂ ಆಡು. ಆಡು ಕರೆದುಕೊಂಡು ಬಂದ ಗಂಡನನ್ನು ಮನೆಯಲ್ಲಿ ಇಟ್ಟುಕೊಂಡು ನಾನು ಏನು ಮಾಡಲಿ?

ಕಾಡಾಡು ತಲೆ ತಿರುಗಿಸಿತು, ಎರಡು ಹೆಜ್ಜೆ ಇಟ್ಟಿತು, ಬೆಟ್ಟದೊಳಗೆ ಸೇರಿಹೋಯಿತು. ಇವರು ಅರ್ಧ ಗಂಟೆಯ ಮೇಲೆ ಗೆದ್ದ ಮುಖದಲ್ಲಿ ಶೂ ಎತ್ತಿ ಹಿಡಿದು ಬಂದರು. ಲೇಸು ಇರಲಿಲ್ಲ, ಹಿಮ್ಮಡಿ ಅಗಿದಿತ್ತು, ಹೆಸರು ಹಾಗೆಯೇ ಇತ್ತು.

"ಎಂತಾದ್ರೂ ಕಂಡಿತಾ?" ಎಂದು ಕೇಳಿದರು.

"ಒಂದು ಹಕ್ಕಿ" ಎಂದೆ.

ಶುಕ್ರವಾರ, ಜಾಲಿಯ ನೆರಳು

ಹೇಳದೆ ಉಳಿದದ್ದಕ್ಕೆ ಆ ದಿನವಿಡೀ ನನ್ನನ್ನು ನಾನೇ ಬೈದುಕೊಂಡೆ. ಆದರ್ಶ ಎಲ್ಲ ಚಹಾ ಕುಡಿಯುವವರೆಗೆ. ಹೊಟ್ಟೆ ತುಂಬಿದ ಮೇಲೆ, ಇನ್ನೆರಡು ವರ್ಷ ಬುರೈದಾ ಎಂದರೆ ಏನೆಂದು ನೆನಪಾಯಿತು: ಫೋನಿನಲ್ಲಿ "ಊಟ ಆಯ್ತಾ", ಹಬ್ಬಕ್ಕೆ ವಿಡಿಯೋ ಕಾಲ್, ಮಗಳ ಮದುವೆಯ ಮಾತು ಬಂದರೆ ನಾನೊಬ್ಬಳೇ ಕೂತು ಉತ್ತರ ಹೇಳುವುದು. ಶನಿವಾರದವರೆಗೆ ಯಾವಾಗ ಬೇಕಾದರೂ ಬಾಯಿ ಬಿಡಬಹುದಿತ್ತು. ನಾಲ್ಕು ಸಲ ಬಿಡಲು ಹೊರಟೆ.

ಇವರೋ, ಜಾಫರ್ ಭಾಯಿಯ ದುರ್ಬೀನನ್ನು ಕುತ್ತಿಗೆಗೆ ಹಾಕಿಕೊಂಡು ಬೆಟ್ಟವನ್ನು ಗೋದಾಮಿನ ಹಾಗೆ ಸಾಲುಸಾಲಾಗಿ ತಪಾಸಣೆ ಮಾಡುತ್ತಿದ್ದರು. ಎಡದಿಂದ ಬಲಕ್ಕೆ ಒಂದು ಸಾಲು, ಒಂದು ಅಂಗುಲ ಕೆಳಗೆ, ಮತ್ತೆ ಎಡದಿಂದ ಬಲಕ್ಕೆ. ಕಾಣಲೆಂದು ಹುಡುಕುತ್ತಿದ್ದಾರೋ, ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಹುಡುಕುತ್ತಿದ್ದಾರೋ ನನಗೆ ಗೊತ್ತಾಗಲಿಲ್ಲ.

"ಅಲ್ಲಿ! ಅಲ್ಲಿ ನೋಡು, ಕೋಡು!" ಎಂದು ಒಮ್ಮೆ ಕೂಗಿದರು. ಒಣಗಿದ ಜಾಲಿಯ ಕೊಂಬೆ. ಇನ್ನೊಮ್ಮೆ ಮಲಗಿದ ಕಾಡಾಡೆಂದು ತೋರಿಸಿದ್ದು ಬರೀ ಬಂಡೆ. ಮೂರನೇ ಸಲ ನಿಜವಾಗಿಯೂ ಒಂದು ಪ್ರಾಣಿ ಇತ್ತು. ಬಾಲವಿಲ್ಲದ ಹೆಗ್ಗಣದಂಥದ್ದು, ಕಲ್ಲಿನ ಸಂದಿಯಿಂದ ಇಣುಕಿ, ನಮ್ಮ ಉಪ್ಪಿನಕಾಯಿಯ ವಾಸನೆಗೆ ಮೂಗು ಅಲ್ಲಾಡಿಸಿ ಒಳಗೆ ಹೋಯಿತು. ಅದಕ್ಕೂ ನಮ್ಮ ಊರು-ಬುರೈದಾ ಪಂದ್ಯಕ್ಕೂ ಸಂಬಂಧವಿಲ್ಲವೆಂದು ತೀರ್ಮಾನವಾಯಿತು.

ಮಧ್ಯಾಹ್ನ ಸೌದಿ ಕುಟುಂಬದ ಅಜ್ಜಿ ನಮಗೊಂದು ದೊಡ್ಡ ತಟ್ಟೆ ಮಾಂಸದ ಅನ್ನ ಕಳಿಸಿದರು. ಹೆಸರಿಲ್ಲ, ಪರಿಚಯವಿಲ್ಲ, ಮಗನ ಕೈಯಲ್ಲಿ ತಟ್ಟೆ ಕೊಟ್ಟು ದೂರದಿಂದಲೇ ಕೈ ಎತ್ತಿದರು, ಅಷ್ಟೆ. ತಟ್ಟೆಯನ್ನು ಬರಿದೇ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಹೆಚ್ಚುವರಿಯಾಗಿದ್ದ ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ಇಟ್ಟು ಕಳಿಸಿದೆ. ಸ್ವಲ್ಪ ಹೊತ್ತಿನಲ್ಲಿ ಆ ಕಡೆಯಿಂದ ಜೋರು ಕೆಮ್ಮು, ಅದರ ಹಿಂದೆಯೇ ಜೋರು ನಗು ಕೇಳಿಸಿತು.

ಉಂಡ ಮೇಲೆ ಜಾಲಿಯ ನೆರಳಿನಲ್ಲಿ ಕುಳಿತಿದ್ದಾಗ ನಾನು ತಡೆಯಲಾರದೆ ಕೇಳಿಯೇಬಿಟ್ಟೆ. "ಕಾಡಾಡು ಬಿಡಿ. ನಿಮಗೆ ಎಂತ ಬೇಕು?"

ಇವರು ದುರ್ಬೀನು ಇಳಿಸಿದರು. ಅದರ ಗಾಜನ್ನು ಅಂಗಿಯ ತುದಿಯಿಂದ ಒರೆಸಿದರು. ಆಮೇಲೆ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

"ಗೋದಾಮಿನಲ್ಲಿ ಕಣ್ಣು ಮುಚ್ಚಿಕೊಂಡು ಯಾವ ಸಾಮಾನು ಕೇಳಿದ್ರೂ ತೆಗ್ದು ಕೊಡ್ತೇನೆ. ಊರಿನ ಮನೆಯಲ್ಲಿ ಕರೆಂಟ್ ಹೋದ್ರೆ ಬೆಂಕಿಪೆಟ್ಟಿಗೆ ಎಲ್ಲಿ ಉಂಟು ಅಂತ ನನಗೆ ಗೊತ್ತಿಲ್ಲ ನಸೀಮಾ. ನಿನ್ನನ್ನು ಕೇಳ್ಬೇಕು. ನೀನು ಓಡಿ ಬಂದು ತೆಗ್ದು ಕೊಡ್ತಿ. ಗಾಜಿನ ತಟ್ಟೆಯಲ್ಲಿ ಊಟ ಹಾಕ್ತಿ. ನೆಂಟರಿಗೆ ಹಾಕ್ತಾರಲ್ಲ, ಹಾಗೆ. ಎರಡು ತಿಂಗಳು ನೆಂಟ ಆಗಿ ಇರ್ಬಹುದು. ಜೀವಮಾನ ಇಡೀ ಹೇಗೆ ಇರುದು?"

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಆ ಗಾಜಿನ ತಟ್ಟೆಗಳನ್ನು ಪ್ರೀತಿಯಿಂದ ತೆಗೆದಿಟ್ಟವಳು ನಾನು, ಇವರ ರಜೆಗೆ ಮಾತ್ರ ಕಪಾಟಿನಿಂದ ಇಳಿಸುವವಳು. ಕೋಪ ಬಂತು. ಕೋಪ ಇಳಿದ ಮೇಲೆ ಇನ್ನೊಂದು ನಿಜ ನೆನಪಾಯಿತು, ಇದುವರೆಗೆ ಯಾರಿಗೂ ಹೇಳದ್ದು. ಪ್ರತಿ ರಜೆಯ ಕೊನೆಗೆ ಇವರನ್ನು ವಿಮಾನ ಹತ್ತಿಸಿ ದಾರಿಯುದ್ದಕ್ಕೂ ಅಳುತ್ತ ಬರುತ್ತೇನೆ. ಮನೆಗೆ ಬಂದು ಅಡುಗೆಮನೆಯಲ್ಲಿ ಡಬ್ಬಗಳನ್ನು ಮತ್ತೆ ನನ್ನ ಕ್ರಮಕ್ಕೆ ಜೋಡಿಸುವಾಗ, ಅಳುವಿನ ನಡುವೆಯೇ, ಹಾಯೆನಿಸುತ್ತದೆ. ಆ ಮನೆಯಲ್ಲಿ ಅವರಿಗೆ ಜಾಗ ಇರಲಿಲ್ಲವೆಂದರೆ, ಬಿಟ್ಟುಕೊಡದವಳು ನಾನೂ ಹೌದು.

ಆಗಲೇ ಹೇಳಬಹುದಿತ್ತು. ಬನ್ನಿ, ಜಾಗ ಮಾಡುತ್ತೇನೆ ಎನ್ನಬಹುದಿತ್ತು. ಬಾಯಿಗೆ ಬಂದದ್ದು ಮಾತ್ರ "ಚಹಾ ಮಾಡ್ಲಾ?" ಎಂಬ ಎರಡು ಮಾತು. ಸಂಜೆಯವರೆಗೆ ಇಬ್ಬರೂ ಬೆಟ್ಟ ನೋಡುತ್ತ ಕುಳಿತೆವು. ಬೆಟ್ಟ ಕಂದು, ಕೆಂಪು, ನೇರಳೆಯಾಯಿತು. ಕಾಡಾಡು ಬರಲಿಲ್ಲ.

ಶನಿವಾರ

ನಾನು ಎದ್ದಾಗ ಪಕ್ಕದ ಪಾರ್ಸೆಲ್ ಖಾಲಿ. ಕಂಬಳಿ ಚೌಕಾಕಾರವಾಗಿ ಮಡಚಿಟ್ಟಿತ್ತು. ಮುಖ ತೊಳೆದುಕೊಂಡು ಹೊರಗೆ ಬಂದರೆ ಇವರು ಟೆಂಟಿನ ಹಿಂದಿನ ದಿಬ್ಬದ ಮೇಲೆ ದುರ್ಬೀನು ಹಿಡಿದು ನಿಂತಿದ್ದರು. ಇನ್ನು ಎರಡು ಗಂಟೆಯಲ್ಲಿ ಹೊರಡಬೇಕು. ಇವತ್ತು ಹೇಳಿಬಿಡುತ್ತೇನೆ, ಬಿಗುಮಾನ ಹಾಳಾಗಿ ಹೋಗಲಿ ಎಂದು ನಿಶ್ಚಯ ಮಾಡಿ ದಿಬ್ಬದ ಕಡೆ ಹೊರಟೆ.

"ನಸೀಮಾ!" ಎಂದು ಕೂಗಿದರು. ಲೇಸಿಲ್ಲದ ಶೂ ಎಳೆಯುತ್ತ, ಜಾರುತ್ತ ಇಳಿದು ಬಂದರು. "ಕಂಡಿತು! ನಿನ್ನ ಕಾಡಾಡು ಕಂಡಿತು!"

ನಾನು ಬೆಟ್ಟದ ಕಡೆ ತಿರುಗಿದೆ. "ಎಲ್ಲಿ?"

"ಹೋಯ್ತು. ಈಗ ಇತ್ತು, ಅಲ್ಲಿ, ಆ ಬಂಡೆ ಹತ್ರ. ನೀನು ಬರುವಷ್ಟರಲ್ಲಿ ಹೋಯ್ತು."

"ಹೇಗಿತ್ತು?"

"ದೊಡ್ಡದು. ಬಿಳಿ ಬಣ್ಣ." ಕೈಗಳನ್ನು ಅಗಲಿಸಿ ತೋರಿಸಿದರು. "ಕೋಡು ಎರಡೂ ಬದಿಗೆ ಹೀಗೆ, ಎಮ್ಮೆದರ ಹಾಗೆ. ಕಿವಿ ಇಷ್ಟುದ್ದ, ಜೋತುಬಿದ್ದು."

"ಗಡ್ಡ?"

ಇವರು ತಡವರಿಸಿದರು. "ಗಡ್ಡವಾ? ಗಡ್ಡ... ಇಲ್ಲ. ಕ್ಲೀನ್ ಶೇವ್."

ನಾನು ಇವರ ಮುಖ ನೋಡಿದೆ. ಒಂದು ವಾಷರಿನ ಲೆಕ್ಕವನ್ನೂ ತಪ್ಪು ಬರೆಯದ ಮನುಷ್ಯ. ಸುಳ್ಳು ಹೇಳಿ ಅ‌ಭ್ಯಾಸವಿಲ್ಲದ ಎರಡು ಕಿವಿಗಳೂ ಕೆಂಪಗಾಗಿದ್ದವು. ಕಣ್ಣು ಮಾತ್ರ ನನ್ನ ಮೇಲೆಯೇ ಇತ್ತು, ನಂಬುತ್ತಾಳೋ ಇಲ್ಲವೋ ಎಂದು ಕಾಯುತ್ತಿತ್ತು. ಪರೀಕ್ಷೆಯ ಫಲಿತಾಂಶದ ದಿನ ಮಗಳು ಹಾಗೆ ನೋಡಿದ್ದಳು.

"ಹೌದಾ! ನನಗೆ ನೋಡ್ಲಿಕ್ಕೆ ಸಿಗ್ಲಿಲ್ಲವಲ್ಲ" ಎಂದೆ. ಮುಖ ಬೇರೆ ಕಡೆ ತಿರುಗಿಸಿ ಶಾಲಿನಿಂದ ಕಣ್ಣೊರೆಸಿಕೊಂಡೆ. ಅದು ಬೇಸರಕ್ಕೆಂದು ಇವರು ತಿಳಿದುಕೊಂಡರು.

"ಯಾರು ನೋಡಿದ್ರೂ ಆಯ್ತು ಅಂತ ಹೇಳಿದ್ದಲ್ವಾ? ಪಂದ್ಯ ಅಂದ್ರೆ ಪಂದ್ಯ" ಎಂದರು ಗಂಭೀರವಾಗಿ.

ಅಷ್ಟರಲ್ಲಿ ಅಬು ನಾಸಿರ್ ಬಂದರು. ಇವರು ಗೋದಾಮಿನ ಅರಬ್ಬಿಯಲ್ಲಿ, ಜೋತುಬಿದ್ದ ಕಿವಿಗಳ ಸಮೇತ ಎಲ್ಲವನ್ನೂ ವರ್ಣಿಸಿದರು. ಅಬು ನಾಸಿರ್ ಬೆಟ್ಟದ ಕಡೆ ನೋಡಿದರು, ಇವರನ್ನು ನೋಡಿದರು, ಆಮೇಲೆ ನನ್ನನ್ನು. ಏನೂ ಹೇಳಬೇಡಿ ಎಂಬಂತೆ ನಾನು ಸ್ವಲ್ಪವೇ ತಲೆ ಅಲ್ಲಾಡಿಸಿದೆ. "ಮಾಶಾ ಅಲ್ಲಾಹ್" ಎಂದು ಹೇಳಿ ಇವರ ಬೆನ್ನು ತಟ್ಟಿದರು. ಅವರ ಮೀಸೆ ನಡುಗುತ್ತಿತ್ತು.

ಚಾಪೆಯ ಮೇಲೆ ಎರಡು ಲೋಟ ಚಹಾ ಆರುತ್ತಿತ್ತು. ಇವರೇ ಮಾಡಿಟ್ಟು ದಿಬ್ಬ ಹತ್ತಿದ್ದರು. ಇವರ ಹೆಸರಿದ್ದ ಲೋಟ ನನ್ನ ಜಾಗದಲ್ಲಿತ್ತು.

ಹಿಂದಿರುಗುವ ದಾರಿ

ಅದೇ ಪೆಟ್ರೋಲ್ ಬಂಕ್ ದಾಟಿದ ಮೇಲೆ ಇವರು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು. "ನಸೀಮಾ, ನಮ್ಮ ಮನೆಯಲ್ಲಿ ಬೆಂಕಿಪೆಟ್ಟಿಗೆ ಎಲ್ಲಿಡ್ತಿ?"

"ಫ್ರಿಜ್ಜಿನ ಮೇಲೆ. ಬಿಸ್ಕತ್ತಿನ ಡಬ್ಬದ ಹಿಂದೆ."

"ಅದು ಸರಿಯಾದ ಜಾಗ ಅಲ್ಲ ಮಾರಾಯ್ತಿ. ಕತ್ತಲೆಯಲ್ಲಿ ಕೈಗೆ ಸಿಗ್ಬೇಕು. ಬಾಗಿಲ ಹತ್ರ, ಎದೆಯ ಎತ್ತರಕ್ಕೆ ಒಂದು ಮೊಳೆ ಹೊಡ್ದು..."

ಬೇರೆ ದಿನವಾಗಿದ್ದರೆ ನನ್ನ ಅಡುಗೆಮನೆಯ ಸುದ್ದಿಗೆ ಬಂದವರಿಗೆ ಒಂದು ಉತ್ತರ ಸಿಗುತ್ತಿತ್ತು. "ನೀವೇ ಬಂದು ಇಡಿ" ಎಂದೆ. ಭಾನುವಾರ ಬೆಳಿಗ್ಗೆ ಇವರು ಆಫೀಸಿಗೆ ಹೋಗಿ ಬುರೈದಾ ಬೇಡವೆಂದು ಹೇಳಿ ಬಂದರು. ಕಾರಣ ಕೇಳಿದ್ದಕ್ಕೆ ಕಾಡಾಡು ಕಂಡಿತೆಂದರಂತೆ. ಯಾರೂ ಮುಂದೆ ಕೇಳಲಿಲ್ಲವಂತೆ.

ಕಾಪು

ಇದನ್ನು ಬರೆಯುತ್ತಿರುವ ಮೇಜಿನಿಂದ ನಮ್ಮ ಅಡುಗೆಮನೆ ಕಾಣುತ್ತದೆ. ಗಾಜಿನ ತಟ್ಟೆಗಳು ದಿನಬಳಕೆಗೆ ಇಳಿದು ಎರಡು ಒಡೆದಿವೆ. ಒಲೆಯ ಪಕ್ಕದಲ್ಲಿ ಎರಡು ಕೆಟ್ಲುಗಳಿವೆ. ಪ್ರತಿ ಡಬ್ಬದ ಮೇಲೂ ಕಪ್ಪು ಮಾರ್ಕರಿನಲ್ಲಿ 'ಉಪ್ಪು', 'ಕೊತ್ತಂಬರಿ', 'ಮೆಂತ್ಯ' ಎಂದು ಬರೆದಿದೆ. ಬತ್ಹಾದಲ್ಲಿದ್ದಂತೆ ತಮ್ಮ ಹೆಸರು ಬರೆಯುವುದನ್ನು ಇವರು ಬಿಟ್ಟಿದ್ದಾರೆ. ಡಬ್ಬಗಳ ಕ್ರಮದ ಬಗ್ಗೆ ದಿನಕ್ಕೊಂದು ಜಗಳ ತಪ್ಪಿದ್ದಲ್ಲ. ಸಂಜೆ ಗ್ರಂಥಾಲಯಕ್ಕೆ ಬಂದು ಕಪಾಟುಗಳನ್ನು ಗೋದಾಮಿನಂತೆ ಮಾಡುತ್ತಿದ್ದಾರೆ, ಓದುಗರಿಂದ ದೂರುಗಳೂ ಬಂದಿವೆ. ಬಂದವರಿಗೆಲ್ಲ ಕಾಡಾಡಿನ ಕಥೆ ಹೇಳುತ್ತಾರೆ. ಈಗೀಗ ಅದರ ಕಿವಿ ಮೊಣಕಾಲಿನವರೆಗೆ ಇಳಿದಿದೆ.

ಈ ಬರಹ ಅಚ್ಚಾದರೆ ಮೊದಲು ಓದುವವರೂ ಅವರೇ. ಹಾಗಾಗಿ ಕೊನೆಯ ಮಾತು ಅವರಿಗೆ.

ಕೇಳಿ ಇಲ್ಲಿ. ಕಾಡಾಡಿಗೆ ಗಡ್ಡ ಇರುತ್ತದೆ. ಕಿವಿ ಜೋಲುವುದಿಲ್ಲ, ಬಣ್ಣ ಬಿಳಿಯಲ್ಲ. ಶುಕ್ರವಾರ ಬೆಳಿಗ್ಗೆ ನೀವು ಶೂ ಹುಡುಕಲು ಹೋಗಿದ್ದಾಗ ನಾನು ಕಣ್ಣಾರೆ ನೋಡಿದ್ದೆ. ಹೇಳಲಿಲ್ಲ. ನೀವು ನೋಡದೆ ಹೇಳಿದ್ದಕ್ಕೂ ನಾನು ನೋಡಿ ಹೇಳದ್ದಕ್ಕೂ ಸರಿಹೋಯಿತು ಎಂದುಕೊಳ್ಳಿ. ಅದಿರಲಿ, ಆ ಬೆಂಕಿಪೆಟ್ಟಿಗೆಯನ್ನು ಎಲ್ಲಿಟ್ಟಿದ್ದೀರಿ? ನಿನ್ನೆ ಕರೆಂಟ್ ಹೋದಾಗ ನನಗೆ ಸಿಗಲಿಲ್ಲ.